ಕುಡ್ಲದಿಂದ ಮನಾಲಿಗೆ: ಹಿಮ ಬೀಳುವ ಊರಲ್ಲಿ ಬಾರ್‌ಟೆಂಡರ್ ಕೆಲಸ ಹಿಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಹುಡುಗರು ಹೋಟೆಲ್ ಕೆಲಸಕ್ಕೆ ಊರು ಬಿಡುವುದು ಹೊಸತಲ್ಲ. ಮುಂಬೈ, ಬೆಂಗಳೂರು, ದುಬೈ, ಹಡಗು, ಎಲ್ಲ ದಾರಿಯೂ ನಮಗಿಂತ ಮೊದಲೇ ಸವೆದಿದೆ. ಈಗೀಗ ಹಿಮಾಚಲದ ಹೆಸರೂ ಕೇಳಿಬರುತ್ತಿದೆ. ಕಿಟಕಿಯಾಚೆ ಹಿಮ, ಒಳಗೆ ಶೇಕರ್ ಕುಲುಕುವ ಹುಡುಗ, ಹಿಂದೆ ಒಂದು ಹಾಡು. ಇಂಥ ರೀಲ್ಸ್ ನೋಡಿ ಬ್ಯಾಗ್ ಕಟ್ಟುವವರು ಜಾಸ್ತಿ. ನನ್ನ ಮಾತು ಇಷ್ಟೇ: ಹಿಮ ನೋಡಿ ಹೊರಡಬೇಡಿ, ಸೀಸನ್ ನೋಡಿ ಹೊರಡಿ. ಮತ್ತೆ, ಮನಾಲಿಯ ಕೆಲಸವನ್ನು ಮನಾಲಿಗೆ ಹೋಗಿಯೇ ಹುಡುಕಬೇಕು ಅಂತಿಲ್ಲ. ನಮ್ಮ ಪಕ್ಕದ ಗೋವಾದಲ್ಲೇ ಅದು ಸಿಗಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಯಾವ ಊರು?

ಹಿಮಾಚಲ ಅಂದರೆ ಒಂದೇ ಊರಲ್ಲ. ಶಿಮ್ಲಾ ರಾಜಧಾನಿ, ಸುಮಾರು 2,200 ಮೀಟರ್ ಎತ್ತರ. ಸರ್ಕಾರಿ ಕಚೇರಿ, ಕೋರ್ಟು, ಕಾಲೇಜು ಎಲ್ಲ ಇರುವುದರಿಂದ ಹೋಟೆಲ್‌ಗಳು ವರ್ಷವಿಡೀ ನಡೆಯುತ್ತವೆ. ತಿಂಗಳ ಸಂಬಳ ತಪ್ಪದೆ ಬರಬೇಕು ಅನ್ನುವವರಿಗೆ ಇದು ಒಳ್ಳೆಯದು. ಮನಾಲಿ ಸುಮಾರು 2,050 ಮೀಟರ್. ಇಲ್ಲಿ ಪ್ರವಾಸಿಗರೇ ಎಲ್ಲ. ಸೀಸನ್‌ನಲ್ಲಿ ಉಸಿರಾಡಲು ಸಮಯವಿಲ್ಲ, ಆಫ್ ಸೀಸನ್‌ನಲ್ಲಿ ನೊಣ ಹೊಡೆಯಬೇಕು. ಕಸೋಲ್ ಮತ್ತು ಧರ್ಮಶಾಲಾ ಮೇಲಿನ ಮೆಕ್ಲಿಯೋಡ್‌ಗಂಜ್ ಕೆಫೆಗಳ ಊರುಗಳು. ಅಲ್ಲಿ ಬಾರ್ ಲೈಸೆನ್ಸ್ ಇರುವ ಜಾಗ ಕಡಿಮೆ, ಕಾಫಿ ಮೆಷಿನ್ ಜಾಸ್ತಿ. ಬಾರ್‌ಟೆಂಡರ್ ಅಂತ ಕರೆಸಿ ಪ್ಯಾನ್‌ಕೇಕ್ ಮಾಡಿಸಿದರೆ ಬೇಜಾರು ಮಾಡಬಾರದು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮನಾಲಿ ಅಥವಾ ಶಿಮ್ಲಾ. ಅದರಲ್ಲೂ ರೂಮು, ರೆಸ್ಟೋರೆಂಟ್, ಬಾರ್ ಮೂರೂ ಇರುವ ಮಧ್ಯಮ ದೊಡ್ಡ ಹೋಟೆಲ್ ಅಥವಾ ರೆಸಾರ್ಟ್. ಹಿಮ ಬಿದ್ದು ರಸ್ತೆ ಮುಚ್ಚಿದರೂ ಒಳಗಿರುವ ಅತಿಥಿಗಳು ಬಾರಿಗೆ ಬರುತ್ತಾರೆ. ಬೀದಿ ಬದಿಯ ಕೆಫೆಗೆ ಯಾರೂ ಬರುವುದಿಲ್ಲ.

ಯಾವಾಗ?

ಇದರಲ್ಲೇ ತುಂಬ ಜನ ಎಡವುತ್ತಾರೆ. ಚಳಿಗಾಲದಲ್ಲಿ ಎಲ್ಲ ತೆರೆದಿರುತ್ತದೆ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ, ಓಲ್ಡ್ ಮನಾಲಿಯ ಮತ್ತು ಕಸೋಲ್‌ನ ಬಹಳಷ್ಟು ಕೆಫೆಗಳು ಚಳಿ ಶುರುವಾಗುವಾಗ ಬಾಗಿಲು ಹಾಕುತ್ತವೆ. ಹಿಮದ ಹೊತ್ತಿಗೆ ನಡೆಯುವುದು ಮಾಲ್ ರೋಡ್ ಸುತ್ತಮುತ್ತಲಿನ, ಸೋಲಂಗ್ ಕಣಿವೆಯ ದಾರಿಯ ಹೋಟೆಲ್‌ಗಳು.

ವರ್ಷದಲ್ಲಿ ಎರಡು ದೊಡ್ಡ ಸೀಸನ್. ಒಂದು, ಏಪ್ರಿಲ್‌ನಿಂದ ಜೂನ್. ಬಯಲಿನ ಬಿಸಿಲಿಗೆ ಹೆದರಿ ದೆಹಲಿ, ಪಂಜಾಬ್, ಗುಜರಾತ್‌ನ ಕುಟುಂಬಗಳು ಮೇಲೆ ಬರುತ್ತವೆ. ಇನ್ನೊಂದು, ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಕ್ರಿಸ್‌ಮಸ್, ಹೊಸ ವರ್ಷದ ವಾರ ಅತಿ ಬಿಗಿ. ನಡುವೆ ಅಕ್ಟೋಬರ್‌ನಲ್ಲಿ ಸಣ್ಣ ಸೀಸನ್ ಇದೆ. ಬೇರೆ ಕಡೆ ದಸರಾ ಮುಗಿಯುವ ವಿಜಯದಶಮಿಯಂದೇ ಕುಲ್ಲು ದಸರಾ ಶುರುವಾಗುತ್ತದೆ, ಆಗಲೂ ಜನ ಇರುತ್ತಾರೆ. ಜುಲೈ, ಆಗಸ್ಟ್ ಮಾತ್ರ ಬೇಡವೇ ಬೇಡ. ಮಳೆ, ಭೂಕುಸಿತ, ಖಾಲಿ ಹೋಟೆಲ್. 2023ರ ಜುಲೈಯಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿ ಹೆದ್ದಾರಿಯನ್ನೇ ಅಲ್ಲಲ್ಲಿ ಕಿತ್ತುಕೊಂಡು ಹೋಗಿತ್ತು.

ಹಾಗಾಗಿ ಬೇಸಿಗೆ ಸೀಸನ್‌ಗೆ ಮಾರ್ಚ್‌ನಲ್ಲಿ, ಹಿಮದ ಸೀಸನ್‌ಗೆ ನವೆಂಬರ್‌ನಲ್ಲಿ ಕೆಲಸ ಕುದುರಿಸಬೇಕು. ಡಿಸೆಂಬರ್ 28ಕ್ಕೆ ಹೋಗಿ ಬಾಗಿಲು ತಟ್ಟಿದರೆ ಮ್ಯಾನೇಜರಿಗೆ ನಿಮ್ಮ ಮುಖ ನೋಡಲೂ ಪುರುಸೊತ್ತಿರುವುದಿಲ್ಲ. ಮಾರ್ಚ್‌ಗೆ ಇನ್ನೊಂದು ಕಾರಣವೂ ಇದೆ. ಅಬಕಾರಿ ವರ್ಷ ಏಪ್ರಿಲ್ 1ಕ್ಕೆ ಶುರು. ಲೈಸೆನ್ಸ್ ನವೀಕರಣ, ಹೊಸ ಮೆನು, ಹೊಸ ಸ್ಟಾಫ್ ಎಲ್ಲ ಆಗಲೇ.

ಮೊದಲ ಸಲಕ್ಕೆ ಮಾರ್ಚ್‌ನಲ್ಲಿ ಹೋಗುವುದೇ ವಾಸಿ. ಚಳಿಗೆ ಮೈ ನಿಧಾನವಾಗಿ ಹೊಂದಿಕೊಳ್ಳುತ್ತದೆ, ಊರು, ಭಾಷೆ ಪರಿಚಯವಾಗುತ್ತದೆ. ಹಿಮ ಎಲ್ಲೂ ಓಡಿಹೋಗುವುದಿಲ್ಲ.

ಊರಲ್ಲಿರುವಾಗಲೇ ಕೈ ಪಳಗಿಸಿ

ಡಿಗ್ರಿ ಬೇಕೇಬೇಕು ಅಂತಿಲ್ಲ. ಮಣಿಪಾಲದ ವೆಲ್‌ಕಮ್‌ಗ್ರೂಪ್ ಕಾಲೇಜಿನಂಥ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ ದೊಡ್ಡ ಹೋಟೆಲ್‌ಗಳ ಬಾಗಿಲು ಬೇಗ ತೆರೆಯುತ್ತದೆ, ನಿಜ. ಉಳಿದವರು ಮಂಗಳೂರಿನ ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಒಂದು ಬಾರ್ ಎಂಡ್ ರೆಸ್ಟೋರೆಂಟ್‌ನಲ್ಲಿ ಆರು ತಿಂಗಳು ಕೌಂಟರ್ ಹಿಂದೆ ನಿಂತರೆ ಸಾಕು. ಗ್ಲಾಸ್ ಒರೆಸುವ ಬಾರ್ ಬ್ಯಾಕ್ ಕೆಲಸವಾದರೂ ಸರಿ. ಅನುಭವ ಪತ್ರ ಕೇಳಿ ಪಡೆಯಿರಿ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ ಒಂದುಂಟು. ಖಾಲಿ 750 ಮಿಲಿ ಬಾಟಲಿಗೆ ನೀರು ತುಂಬಿ, ಬಾಯಿಗೆ ಪೋರರ್ ಸಿಕ್ಕಿಸಿ. ಪೋರರ್ ಅಂದರೆ ಸಣ್ಣ ಕೊಕ್ಕಿನ ಮುಚ್ಚಳ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಮನಸ್ಸಿನಲ್ಲೇ ಎಣಿಸುತ್ತಾ ಲೋಟಕ್ಕೆ ಸುರಿಯಿರಿ, ಆಮೇಲೆ ಪೆಗ್ ಮೆಷರ್‌ಗೆ ಹಾಕಿ ನೋಡಿ. 30 ಮಿಲಿ ಬರಲು ನಿಮ್ಮ ಎಣಿಕೆ ಎಷ್ಟು ಅಂತ ಕೈಗೇ ಗೊತ್ತಾಗುವವರೆಗೆ ಬಿಡಬೇಡಿ. ಒಂದು ಬಾಟಲಿಯಲ್ಲಿ 30 ಮಿಲಿಯ 25 ಸಣ್ಣ ಪೆಗ್ ಇರುತ್ತದೆ. ಪ್ರತಿ ಸಲ 5 ಮಿಲಿ ಜಾಸ್ತಿ ಸುರಿದರೆ 21ಕ್ಕೆ ಬಾಟಲಿ ಖಾಲಿ. ರಾತ್ರಿ ಕ್ಲೋಸಿಂಗ್ ಸ್ಟಾಕ್ ನೋಡುವಾಗ ಆ ನಾಲ್ಕು ಪೆಗ್ ಎಲ್ಲಿ ಹೋಯಿತು ಅಂತ ಕೇಳುವುದು ನಿಮ್ಮನ್ನೇ. ಸಂಬಳದಿಂದ ಹಿಡಿಯುವ ಜಾಗಗಳೂ ಉಂಟು.

ಕಾಕ್‌ಟೇಲ್ ನೂರು ಕಲಿಯಬೇಕಾಗಿಲ್ಲ. ಮೊಹೀಟೋ, ವಿಸ್ಕಿ ಸವರ್, ಓಲ್ಡ್ ಫ್ಯಾಷನ್ಡ್, ಡೈಕಿರಿ, ಲಾಂಗ್ ಐಲ್ಯಾಂಡ್, ಇವಿಷ್ಟು ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುವಂತಿರಬೇಕು. ಬೆಟ್ಟದ ಊರಿಗೆ ಇದರ ಜೊತೆ ಬಿಸಿ ಡ್ರಿಂಕ್‌ಗಳು ಬೇಕು: ಹಾಟ್ ಟಾಡಿ, ಐರಿಶ್ ಕಾಫಿ, ಮಲ್ಡ್ ವೈನ್ (ಮಸಾಲೆ ಹಾಕಿ ಬಿಸಿ ಮಾಡಿದ ವೈನ್). ಮಂಗಳೂರಿನ ಸೆಕೆಯಲ್ಲಿ ಇವನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ನಮ್ಮವರು ಇದರಲ್ಲೇ ಸಿಕ್ಕಿಬೀಳುವುದು.

ಹಿಂದಿಯನ್ನೂ ಸ್ವಲ್ಪ ಸರಿಮಾಡಿಕೊಳ್ಳಿ. ಸಿನಿಮಾ ನೋಡಿ ಕಲಿತ ಹಿಂದಿ ಅರ್ಥವಾಗಲು ಸಾಕು, ಮಾತಾಡಲು ಸಾಲದು. ಹೆಸರಿನ ಕೊನೆಗೆ ಒಂದು 'ಜೀ' ಸೇರಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಗೋವಾದ ದಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಗೋವಾದ ಸೀಸನ್ ಅಕ್ಟೋಬರ್‌ನಿಂದ ಮಾರ್ಚ್. ಮನಾಲಿ, ಕಸೋಲ್ ಕೆಫೆಗಳ ಸೀಸನ್ ಏಪ್ರಿಲ್‌ನಿಂದ. ಒಂದು ಮುಗಿಯುವಾಗ ಇನ್ನೊಂದು ಶುರು. ಹಾಗಾಗಿ ಚಳಿಗಾಲದಲ್ಲಿ ಅಂಜುನಾ, ಅರಂಬೋಲ್, ಪಾಲೋಲೆಮ್‌ನಲ್ಲಿ ಕೆಲಸ ಮಾಡಿ ಬೇಸಿಗೆಯಲ್ಲಿ ಹಿಮಾಚಲಕ್ಕೆ ಏರುವ ಕುಕ್, ವೇಟರ್, ಬಾರ್‌ಟೆಂಡರ್‌ಗಳ ದೊಡ್ಡ ಗುಂಪೇ ಇದೆ. ಎರಡೂ ಕಡೆ ಜಾಗ ನಡೆಸುವ ಮಾಲೀಕರೂ ಇದ್ದಾರೆ.

ನಮಗೆ ಗೋವಾ ಎಷ್ಟು ದೂರ? ಮಂಗಳೂರು ಸೆಂಟ್ರಲ್‌ನಿಂದ ಮತ್ಸ್ಯಗಂಧ ರೈಲು ಹತ್ತಿದರೆ ಮಡ್ಗಾಂವ್. ಉಡುಪಿಯವರಿಗೆ ಇನ್ನೂ ಹತ್ತಿರ. ಕೊಂಕಣಿ ಬರುವವರಿಗೆ ಅಲ್ಲಿ ಅರ್ಧ ಮನೆಯೇ. ಒಂದು ಸೀಸನ್ ಗೋವಾದಲ್ಲಿ ಕೆಲಸ ಮಾಡಿ. ಫೆಬ್ರವರಿಯಲ್ಲಿ ಜೊತೆಯವರು "ಈ ಸಲ ಮೇಲೆ ಯಾವ ಕಡೆ?" ಅಂತ ಮಾತಾಡಿಕೊಳ್ಳಲು ಶುರು ಮಾಡುತ್ತಾರೆ. ಆಗ ನೀವೂ ಅಲ್ಲಿರಬೇಕು. ಪರಿಚಯದವನು ಒಂದು ಫೋನ್ ಮಾಡಿ "ಹುಡುಗ ಚೆನ್ನಾಗಿದ್ದಾನೆ, ಕೈ ಶುದ್ಧ" ಅಂದರೆ ಸಾಕು. ಜಾಬ್ ಸೈಟ್‌ಗೆ ಹಾಕಿದ ರೆಸ್ಯೂಮೆಗೆ ಆ ಬೆಲೆಯಿಲ್ಲ.

ಒಂದು ಮಾತು. ಗೋವಾದಿಂದ ವಾಪಸ್ ಬರುವಾಗ ಅಗ್ಗ ಅಂತ ಬ್ಯಾಗಿನಲ್ಲಿ ಬಾಟಲಿ ತುಂಬಿಸಿಕೊಂಡು ಬರಬೇಡಿ. ಕಾರವಾರದ ಗಡಿಯಲ್ಲಿ ಅಬಕಾರಿಯವರ ತಪಾಸಣೆ ಇದ್ದೇ ಇರುತ್ತದೆ. ಬಾರ್‌ನಲ್ಲಿ ಬದುಕು ಕಟ್ಟಬೇಕು ಅನ್ನುವವನ ಹೆಸರಲ್ಲಿ ಅಬಕಾರಿ ಕೇಸ್ ಇರಬಾರದು, ಅಲ್ವಾ?

ಗೋವಾಕ್ಕೆ ಹೋಗಲು ಆಗದವರು ಹೋಟೆಲ್‌ಗಳಿಗೆ ನೇರ ಫೋನ್ ಮಾಡಿ. ಮಧ್ಯಾಹ್ನ ಮೂರರಿಂದ ಐದರ ಒಳಗೆ ಮಾಡಿ, ಆಗ ಊಟದ ಗಲಾಟೆ ಮುಗಿದಿರುತ್ತದೆ. ಎಫ್ ಎಂಡ್ ಬಿ ಮ್ಯಾನೇಜರ್, ಅಂದರೆ ಊಟ, ಪಾನೀಯದ ವಿಭಾಗ ನೋಡಿಕೊಳ್ಳುವವರು ಬೇಕು ಅಂತ ಕೇಳಿ. ಅವರು ಕೇಳುವ ಮೊದಲ ಪ್ರಶ್ನೆ ಬಹುಪಾಲು ಇದೇ: "ಕಬ್ ತಕ್ ರುಕೋಗೇ?" ಅಂದರೆ, ಎಲ್ಲಿಯವರೆಗೆ ನಿಲ್ಲುತ್ತೀಯ? ಸೀಸನ್ ಮುಗಿಯುವವರೆಗೆ ನಿಲ್ಲುತ್ತೇನೆ ಅಂತ ಖಚಿತವಾಗಿ ಹೇಳಿ. ಮೊದಲ ಹಿಮ ನೋಡಿ ಸೆಲ್ಫಿ ತೆಗೆದು, ಎರಡನೇ ವಾರ ಚಳಿ ತಾಳದೆ ಓಡಿಹೋಗುವ ದಕ್ಷಿಣದ ಹುಡುಗರನ್ನು ಅವರು ಸಾಕಷ್ಟು ನೋಡಿದ್ದಾರೆ.

ನೋಂದಣಿ ಶುಲ್ಕ, ಯೂನಿಫಾರ್ಮ್ ಠೇವಣಿ ಅಂತ ಮುಂಗಡ ಕೇಳಿದರೆ ಫೋನ್ ಇಟ್ಟುಬಿಡಿ. ಸರಿಯಾದ ಹೋಟೆಲ್ ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ.

ಕಾಗದಪತ್ರ

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಅನುಭವ ಪತ್ರ, ಫೋಟೋಗಳು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅನ್ನು ನಮ್ಮ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ ಊರಿನಿಂದಲೇ ಮಾಡಿಸಿಕೊಂಡು ಹೋಗಿ. ಹಿಮಾಚಲದಲ್ಲಿ ಹೊರರಾಜ್ಯದ ಕೆಲಸಗಾರರ ವಿವರವನ್ನು ಠಾಣೆಯಲ್ಲಿ ದಾಖಲಿಸುತ್ತಾರೆ, ಆಗ ಸುಲಭವಾಗುತ್ತದೆ. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ. ಆ ಫಿಟ್‌ನೆಸ್ ಪತ್ರವನ್ನೂ ಮಾಡಿಸಿಕೊಳ್ಳಿ. ಹಿಂದೆ ಪಿಎಫ್ ಇದ್ದರೆ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಹೊಸ ಕಡೆಯೂ ಅದೇ ನಂಬರ್ ಮುಂದುವರಿಯುತ್ತದೆ. ರೇಷನ್ ಕಾರ್ಡ್ ಕೂಡ ಈಗ ಯಾವ ರಾಜ್ಯದಲ್ಲಾದರೂ ನಡೆಯುತ್ತದೆ.

ಮೂಲ ಪ್ರತಿಗಳನ್ನು ಯಾರ ಕೈಗೂ ಕೊಟ್ಟು ಬಿಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ. ಬಾರ್‌ನಲ್ಲಿ ಕೆಲಸ ಮಾಡಲು ಇರಬೇಕಾದ ವಯಸ್ಸು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಪ್ಪತ್ತೈದರ ಒಳಗಿನವರು ಫೋನ್‌ನಲ್ಲೇ ಇದನ್ನು ಕೇಳಿ ಇತ್ಯರ್ಥ ಮಾಡಿಕೊಳ್ಳಿ.

ಹುಡುಗಿಯರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಮದ್ಯ ಬಡಿಸುವ ಕಡೆ ಹೆಂಗಸರು ಕೆಲಸ ಮಾಡಬಾರದು ಎನ್ನುವ ಹಳೆಯ ಪಂಜಾಬ್ ಅಬಕಾರಿ ಕಾಯ್ದೆಯ ನಿಯಮ ದೆಹಲಿಯಲ್ಲಿ ಜಾರಿಯಲ್ಲಿತ್ತು. 2007ರಲ್ಲಿ ಸುಪ್ರೀಂ ಕೋರ್ಟ್ ಅದು ಸಲ್ಲದು ಅಂದಿತು. ಹೋಗುವ ಮುಂಚೆ ಹೆಂಗಸರಿಗೆ ಬೇರೆ ಸ್ಟಾಫ್ ರೂಮ್ ಇದೆಯೇ, ರಾತ್ರಿ ಡ್ಯೂಟಿ ಮುಗಿದ ಮೇಲೆ ಬಿಡಲು ಗಾಡಿ ಇದೆಯೇ ಅಂತ ಕೇಳುವುದು ಮಾತ್ರ ಬಿಡಬಾರದು.

ಪ್ರಯಾಣ

ಮಂಗಳೂರು ಜಂಕ್ಷನ್ ಮತ್ತು ಉಡುಪಿಯಿಂದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಯ ಹಜರತ್ ನಿಜಾಮುದ್ದೀನ್. ಒಂದೂವರೆ ದಿನ ಜಾಸ್ತಿಯೇ ಹಿಡಿಯುತ್ತದೆ. ಅಲ್ಲಿಂದ ಮೆಟ್ರೋದಲ್ಲಿ ಕಾಶ್ಮೀರಿ ಗೇಟ್ ಬಸ್ ನಿಲ್ದಾಣ, ಅಲ್ಲಿಂದ ಹಿಮಾಚಲ ಸಾರಿಗೆಯ ರಾತ್ರಿ ಬಸ್. ಇನ್ನೊಂದು ದಾರಿ, ಕೇರಳ ಸಂಪರ್ಕ ಕ್ರಾಂತಿಯಲ್ಲಿ ನೇರ ಚಂಡೀಗಢ. ಅಲ್ಲಿನ 43ನೇ ಸೆಕ್ಟರ್ ನಿಲ್ದಾಣದಿಂದ ಮನಾಲಿ ಸುಮಾರು 300 ಕಿಲೋಮೀಟರ್. ಈ ರೈಲು ದಿನಾ ಇಲ್ಲ, ಟಿಕೆಟ್ ಮೊದಲೇ ಮಾಡಿಸಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ಶಿಮ್ಲಾಕ್ಕೆ ಹೋಗುವವರು ಕಾಲ್ಕಾದಿಂದ 1903ರ ಸಣ್ಣ ರೈಲಿನಲ್ಲಿ ಹೋಗಬಹುದು. ನಿಧಾನ, ಆದರೆ ಒಮ್ಮೆ ಹೋಗಲೇಬೇಕು.

ದಪ್ಪ ಜಾಕೆಟ್, ಬೂಟ್‌ಗಳನ್ನು ಮಂಗಳೂರಿನಲ್ಲಿ ಹುಡುಕಬೇಡಿ. ದೆಹಲಿಯಲ್ಲೋ ಮನಾಲಿಯಲ್ಲೋ ಅಗ್ಗಕ್ಕೆ ಸಿಗುತ್ತದೆ. ಊರಿನಿಂದ ತರಬೇಕಾದದ್ದು ಬೇರೆ: ಒಣಗಿಸಿದ ಪುನರ್ಪುಳಿ ಸಿಪ್ಪೆ, ಕಷಾಯದ ಪುಡಿ, ಸಣ್ಣ ಕುಕ್ಕರ್. ಮೊದಲಿನ ಎರಡು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕುಕ್ಕರ್ ಯಾಕೆಂದರೆ ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ಇಟ್ಟ ಕುಚ್ಚಲಕ್ಕಿ ಬೇಯುವಷ್ಟರಲ್ಲಿ ನಿಮ್ಮ ಡ್ಯೂಟಿ ಶುರುವಾಗಿರುತ್ತದೆ.

ಟ್ರಯಲ್ ಮತ್ತು ಮಾತುಕತೆ

ಫೋನ್‌ನಲ್ಲಿ ಒಪ್ಪಿಕೊಂಡರೂ ಒಂದೆರಡು ದಿನ ಟ್ರಯಲ್ ಇಟ್ಟೇ ಇಡುತ್ತಾರೆ. ನಾಲ್ಕು ಬೇರೆ ಬೇರೆ ಆರ್ಡರ್ ಒಟ್ಟಿಗೆ ಕೊಟ್ಟು ಯಾವುದನ್ನು ಮೊದಲು ಹಿಡಿಯುತ್ತೀರಿ ಅಂತ ನೋಡುತ್ತಾರೆ. ಮಿಂಟ್ ಜಜ್ಜುವುದು, ಗ್ಲಾಸ್ ತಣ್ಣಗೆ ಮಾಡುವುದು ಮೊದಲು. ಏನೂ ಬೆರೆಸದ ನೀಟ್ ವಿಸ್ಕಿ, ಬಿಯರ್ ಕೊನೆಗೆ. ಎಲ್ಲ ಒಂದೇ ಹೊತ್ತಿಗೆ ಟೇಬಲ್ ಸೇರಬೇಕು. ಬಿಓಟಿ ಇಲ್ಲದೆ, ಅಂದರೆ ಆರ್ಡರ್ ಚೀಟಿ ಬರದೆ, ಬಾಟಲಿ ಮುಟ್ಟಬೇಡಿ. ಮಾಲೀಕರ ಗೆಳೆಯ ಅಂತ ಹೇಳಿಕೊಂಡು ಯಾರಾದರೂ ಬಂದು ಕೇಳಿದರೂ ಅಷ್ಟೇ. ಕೆಲವೊಮ್ಮೆ ಅದೂ ಪರೀಕ್ಷೆಯೇ ಆಗಿರುತ್ತದೆ.

ಸಂಬಳ ಮಾತಾಡುವಾಗ ಬರೀ ಮೊತ್ತ ನೋಡಬೇಡಿ. ಊಟ, ರೂಮು ಸೇರಿದೆಯೇ? ರೂಮಲ್ಲಿ ಎಷ್ಟು ಜನ, ಗೀಸರ್ ಇದೆಯೇ, ಹೀಟರ್‌ನ ಕರೆಂಟ್ ಬಿಲ್ ಯಾರದ್ದು? ವಾರದ ರಜೆ ಸೀಸನ್‌ನಲ್ಲೂ ಇದೆಯೇ? ಟಿಪ್ಸ್ ಒಬ್ಬೊಬ್ಬರಿಗೋ, ಡಬ್ಬಿಗೆ ಹಾಕಿ ಹಂಚುವುದೋ? ಹಂಚುವುದಾದರೆ ಅಡುಗೆಮನೆಗೂ ಪಾಲು ಇದೆಯೇ? ಸರ್ವಿಸ್ ಚಾರ್ಜ್‌ನ ಪಾಲು ಸಿಗುತ್ತದೆ ಅಂತ ಹೇಳಿ ಸಂಬಳ ಕಡಿಮೆ ಮಾಡಲು ಬಂದರೆ ಒಪ್ಪಬೇಡಿ. ಅದನ್ನು ಬಿಲ್ಲಿಗೆ ಕಡ್ಡಾಯವಾಗಿ ಸೇರಿಸುವಂತಿಲ್ಲ ಅಂತ 2022ರ ಜುಲೈಯಲ್ಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅತಿಥಿ ಕೊಡದಿದ್ದರೆ ನಿಮ್ಮ ಪಾಲೂ ಇಲ್ಲ.

ಎಲ್ಲವನ್ನೂ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. "ಭಾಯಿ, ಭರೋಸಾ ರಖೋ", ಅಂದರೆ ನಂಬಿಕೆ ಇಡು ಅನ್ನುವುದು, ಒಪ್ಪಂದ ಅಲ್ಲ.

ಚಳಿ ಅಂದರೆ ಏನು

ನಮಗೆ ಚಳಿ ಅಂದರೆ ಡಿಸೆಂಬರ್ ಬೆಳಿಗ್ಗೆ ಫ್ಯಾನ್ ಒಂದು ಪಾಯಿಂಟ್ ಕಡಿಮೆ ಮಾಡುವುದು. ಮನಾಲಿಯಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಕೆಳಗೆ. ನಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟುತ್ತದೆ, ಬಕೆಟ್‌ನಲ್ಲಿ ರಾತ್ರಿಯೇ ಹಿಡಿದಿಡಬೇಕು. ತೆಂಗಿನೆಣ್ಣೆ ಬಾಟಲಿ ಕಲ್ಲಾಗಿರುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಅಮ್ಮ ಫೋನ್ ಮಾಡಿ "ಚಳಿ ಉಂಟಾ ಮಗಾ?" ಅಂತ ಕೇಳುವಾಗ "ಸ್ವಲ್ಪ ಉಂಟು" ಅಂತ ಹೇಳುವುದು ಅಭ್ಯಾಸವಾಗುತ್ತದೆ.

ಬಟ್ಟೆ ಪದರ ಪದರವಾಗಿ ಹಾಕಬೇಕು. ಮೈಗೆ ಅಂಟುವ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿಯ ಬನಿಯನ್ ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ, ಅದೇ ನಡುಕ ತರಿಸುತ್ತದೆ. ಶೂ ನೀರು ಕುಡಿಯಬಾರದು, ಅಡಿ ಜಾರಬಾರದು.

ಬಾರ್‌ಟೆಂಡರ್‌ಗೆ ಮುಖ್ಯ ತೊಂದರೆ ಕೈಗೆ. ಐಸ್, ತಣ್ಣೀರು, ಗ್ಲಾಸ್ ತೊಳೆಯುವುದು. ಬೆರಳುಗಳು ಕೆಂಪಗೆ ಊದಿ, ಉರಿದು, ತುರಿಸಲು ಶುರುವಾಗುತ್ತದೆ. ಆಗ ಕೈಯನ್ನು ನೇರ ಹೀಟರ್ ಮುಂದೆ ಹಿಡಿಯಬೇಡಿ, ಇನ್ನೂ ಹೆಚ್ಚಾಗುತ್ತದೆ. ಒರೆಸಿ, ಒಣಗಿಸಿ, ನಿಧಾನ ಬೆಚ್ಚಗೆ ಮಾಡಿ. ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿ. ನಾಚಿಕೆ ಏನೂ ಇಲ್ಲ.

ಇನ್ನೊಂದು ವಿಷಯ ಜೀವಕ್ಕೆ ಸಂಬಂಧಿಸಿದ್ದು. ಅಲ್ಲಿ ರೂಮು ಬೆಚ್ಚಗಿಡಲು ಕಟ್ಟಿಗೆಯ ಒಲೆ ಇಡುತ್ತಾರೆ, ಅದನ್ನು ತಂದೂರ್ ಅಂತಾರೆ. ಅದಕ್ಕೆ ಹೊಗೆ ಕೊಳವೆ ಇರುತ್ತದೆ. ಆದರೆ ಸ್ಟಾಫ್ ರೂಮುಗಳಲ್ಲಿ ಕೆಲವರು ಅಂಗೀಠಿಯನ್ನು, ಅಂದರೆ ಹೊಗೆ ಕೊಳವೆ ಇಲ್ಲದ ಇದ್ದಿಲಿನ ಒಲೆಯನ್ನು, ಒಳಗಿಟ್ಟು ಬಾಗಿಲು, ಕಿಟಕಿ ಮುಚ್ಚಿ ಮಲಗುತ್ತಾರೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಪ್ರತಿ ಚಳಿಗಾಲ ಉತ್ತರದಲ್ಲಿ ಹೀಗೆ ಜನ ಸಾಯುತ್ತಾರೆ. ಎಷ್ಟೇ ಚಳಿ ಇರಲಿ, ಎಷ್ಟೇ ಹಳೆಯ ಸ್ಟಾಫ್ ಹೇಳಲಿ, ಅಂಗೀಠಿ ಇರುವ ಮುಚ್ಚಿದ ಕೋಣೆಯಲ್ಲಿ ಮಲಗಬೇಡಿ. ಬಿಸಿನೀರಿನ ರಬ್ಬರ್ ಬ್ಯಾಗ್, ಎರಡು ರಜಾಯಿ ಸಾಕು.

ಹಿಮದ ಹೊತ್ತಿನ ಬಾರ್

ಹಾಟ್ ಟಾಡಿ ಒಂದರಲ್ಲೇ ಸೀಸನ್ ಕಳೆಯುತ್ತದೆ ಅಂದರೆ ಅತಿಶಯೋಕ್ತಿ ಅಲ್ಲ. 60 ಮಿಲಿ ವಿಸ್ಕಿ, ರಮ್ ಅಥವಾ ಬ್ರಾಂದಿ, ಒಂದು ಚಮಚ ಜೇನು, ಅರ್ಧ ನಿಂಬೆ, ಎರಡು ಲವಂಗ, ತುಂಡು ಚಕ್ಕೆ, ಮೇಲೆ ಬಿಸಿನೀರು. ಇದರಲ್ಲಿ ಕಷ್ಟ ಏನುಂಟು ಅಂತೀರಾ? ಗ್ಲಾಸ್. ರ‍್ಯಾಕ್‌ನಲ್ಲಿ ಮಂಜಿನಂತಾಗಿರುವ ಗ್ಲಾಸಿಗೆ ಕುದಿಯುವ ನೀರು ಹಾಕಿದರೆ ಟಪ್ ಅಂತ ಬಿರುಕು ಬಿಡುತ್ತದೆ. ಮೊದಲು ಉಗುರುಬೆಚ್ಚಗಿನ ನೀರು ಸುತ್ತಿಸಿ ಚೆಲ್ಲಿ. ಜೇನು ಕೂಡ ಗಟ್ಟಿಯಾಗಿರುತ್ತದೆ. ಸಮಪಾಲು ಬಿಸಿನೀರು ಬೆರೆಸಿ ಸಿರಪ್ ಮಾಡಿಟ್ಟುಕೊಂಡರೆ ಗಡಿಬಿಡಿಯಲ್ಲಿ ಕೈ ಕಟ್ಟುವುದಿಲ್ಲ.

ಮಲ್ಡ್ ವೈನ್ ಕುದಿಸಬಾರದು. ಆಲ್ಕೋಹಾಲ್ ನೀರಿಗಿಂತ ಕಡಿಮೆ ಬಿಸಿಗೇ ಹಾರಿಹೋಗುತ್ತದೆ. ಹಬೆ ಏಳುವ ಹೊತ್ತಿಗೆ ಉರಿ ಸಣ್ಣ ಮಾಡಿ. ಬಿಯರ್ ಬಾಟಲಿಗಳನ್ನು ತಣ್ಣಗಾಗಲಿ ಅಂತ ಹೊರಗಿನ ಹಿಮದಲ್ಲಿ ಹೂತಿಟ್ಟು ಮರೆತರೆ ಬೆಳಿಗ್ಗೆ ಗಾಜಿನ ಚೂರು ಸಿಗುತ್ತದೆ, ಮೈನಸ್ ಎರಡು ಮೂರಕ್ಕೆಲ್ಲ ಅದು ಹೆಪ್ಪುಗಟ್ಟುತ್ತದೆ. ನಮ್ಮ ದೇಶದ ವೋಡ್ಕಾ, ರಮ್ ಸಾಮಾನ್ಯವಾಗಿ 42.8 ಪ್ರತಿಶತದವು, ಅವಕ್ಕೆ ಅಲ್ಲಿನ ಚಳಿ ಏನೂ ಮಾಡುವುದಿಲ್ಲ.

ಊರಿನ ಪುನರ್ಪುಳಿ ಈಗ ಕೆಲಸಕ್ಕೆ ಬರುತ್ತದೆ. ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ, ಹಿಂಡಿ, ಸಕ್ಕರೆ ಹಾಕಿ ಸಿರಪ್ ಮಾಡಿ. 45 ಮಿಲಿ ಜಿನ್, 30 ಮಿಲಿ ಸಿರಪ್, ಚಿಟಿಕೆ ಉಪ್ಪು, ಮೇಲೆ ಸೋಡಾ. ಬಣ್ಣ ನೋಡಿಯೇ ಪಕ್ಕದ ಟೇಬಲ್‌ನವರು ಅದೇನು ಅಂತ ಕೇಳುತ್ತಾರೆ. ಟಾಡಿಗೆ ಲವಂಗದ ಬದಲು ಅರ್ಧ ಚಮಚ ಕಷಾಯದ ಪುಡಿ, ಜೇನಿನ ಬದಲು ಬೆಲ್ಲ ಹಾಕಿ ನೋಡಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿಗೆ ರಮ್ ಚೆನ್ನಾಗಿ ಹೊಂದುತ್ತದೆ. ಸೋಸಿ ಕೊಡಿ, ಇಲ್ಲದಿದ್ದರೆ ತಳದಲ್ಲಿ ಕೂತು ಗಂಟಲು ಕೆರೆಯುತ್ತದೆ. ಇಂಥದ್ದೊಂದು ಐಟಂ ನಿಮ್ಮ ಹೆಸರಲ್ಲಿ ಮೆನು ಸೇರಿದರೆ ಮುಂದಿನ ಸೀಸನ್‌ಗೆ ಅವರೇ ಕರೆಯುತ್ತಾರೆ. ಅಲ್ಲಿಯವರದ್ದನ್ನೂ ಕಲಿಯಿರಿ: ಸೇಬಿನ ಸೈಡರ್, ಕುಲ್ಲುವಿನ ಹಣ್ಣಿನ ವೈನ್, ಬುರಾಂಶ್ ಹೂವಿನ ಶರಬತ್ತು.

ಕುಡಿದರೆ ಮೈ ಬಿಸಿಯಾಗುತ್ತದೆ ಅಂತ ಅತಿಥಿಗಳು ನಂಬಿರುತ್ತಾರೆ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆ ಅನಿಸುತ್ತದೆ, ಅಷ್ಟೇ. ಒಳಗಿನ ಶಾಖ ನಿಜವಾಗಿ ಸೋರಿಹೋಗುತ್ತಿರುತ್ತದೆ. ಜಾಸ್ತಿ ಕುಡಿದವರು ಮಧ್ಯರಾತ್ರಿ ಒಬ್ಬರೇ ಹಿಮದಲ್ಲಿ ನಡೆದು ಹೋಗುತ್ತೇನೆ ಅಂದರೆ ಬಿಡಬೇಡಿ. ಟ್ಯಾಕ್ಸಿ ಕರೆಸಿ, ಇಲ್ಲವೇ ರಿಸೆಪ್ಷನ್‌ಗೆ ಹೇಳಿ. ಬಿಲ್ ಆಮೇಲೆ ನೋಡಿಕೊಳ್ಳಬಹುದು.

ಹಾಗೇ, ಕುಲ್ಲು ಕಣಿವೆಯಲ್ಲಿ ಚರಸ್ ವಿಷಯ ನಿಮ್ಮ ಕಿವಿಗೂ ಬೀಳುತ್ತದೆ. "ಈ ಪ್ಯಾಕೆಟ್ ಸ್ವಲ್ಪ ಕೌಂಟರ್ ಕೆಳಗೆ ಇಟ್ಟುಕೋ" ಅಂತ ಅತಿಥಿಯೋ ಜೊತೆಯವನೋ ಹೇಳಬಹುದು. ಸುಮ್ನೆ ಇಟ್ಟುಕೊಂಡೆ ಅನ್ನುವುದಕ್ಕೆ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ರಿಯಾಯಿತಿ ಇಲ್ಲ. ಸಿಕ್ಕಿದವನ ಕೈಗೇ ಕೋಳ.

ಸೀಸನ್ ಮುಗಿಯುವ ಎರಡು ವಾರ ಮೊದಲೇ ಲೆಕ್ಕ ಚುಕ್ತಾ ಮಾಡುವ ಮಾತು ಎತ್ತಿ. ಬಾಕಿ ಸಂಬಳ, ಟಿಪ್ಸ್ ಪಾಲು, ಅನುಭವ ಪತ್ರ, ಮೂರೂ ಕೈಗೆ ಬಂದ ಮೇಲೆ ರೈಲಿನ ಟಿಕೆಟ್ ಮಾಡಿಸಿ. ಊರಿಗೆ ಹೋಗಿ ಬ್ಯಾಂಕಿಗೆ ಹಾಕುತ್ತೇವೆ ಅಂದರೆ ಒಪ್ಪಬೇಡಿ. ಎರಡು ಸಾವಿರ ಕಿಲೋಮೀಟರ್ ಆಚೆಯಿಂದ ಫೋನ್‌ನಲ್ಲಿ ವಸೂಲಿ ಮಾಡುವುದು ಆಗದ ಮಾತು ಮಾರಾಯ.